ಗೆರೆ ಬೀಳದ ಈಜುಕೊಳ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಕಡೆಯವರೆಲ್ಲ ಹೇಳುತ್ತಾರೆ. ಹೇಳಲಿ. ಈಜುಕೊಳ ರಿಪೇರಿಯ ಕೆಲಸ ಹಿಡಿದ ಹೆಂಗಸು ನಯವಾಗಿ ಮಾತಾಡುತ್ತ ಕೂತರೆ ಆಳುಗಳು ಬಿಸಿಲೇರುವ ಮುಂಚೆಯೇ ಊಟದ ಡಬ್ಬಿ ಬಿಚ್ಚುತ್ತಾರೆ. ಆದರೆ ನನ್ನನ್ನು ಈಗ ಕೊರೆಯುತ್ತಿರುವುದು ಕೋಪದಲ್ಲಿ ಆಡಿದ ಮಾತಲ್ಲ. ಸಮಾಧಾನವಾಗಿ, ನಗುತ್ತ, ಒಡಹುಟ್ಟಿದ ಅಕ್ಕನಿಗೆ ಆಡಿದ ಮಾತು. ಕೋಪದಲ್ಲಿ ಆಡಿದ್ದರೆ ಮಾರನೆಯ ದಿನವೇ ಹೋಗಿ ಕಾಲು ಹಿಡಿದು ಮುಗಿಸಿಬಿಡುತ್ತಿದ್ದೆ.

ನಾವಿರುವುದು ಬಂಗಾರಪೇಟೆಯಲ್ಲಿ. ನನ್ನ ಗಂಡ ಗಾರೆ ಕೆಲಸದವರು. ಮದುವೆಯಾದ ಹೊಸದರಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದರು. ಅಪಾರ್ಟ್‌ಮೆಂಟುಗಳ ಈಜುಕೊಳದಲ್ಲಿ ಗಿಲಾವು ಮಾಡುವ ಮೇಸ್ತ್ರಿಯ ಕೈಕೆಳಗೆ ದುಡಿಯುತ್ತಿದ್ದರು. ಪಾಚಿ ಉಜ್ಜಲು ಹೆಂಗಸರು ಬೇಕು ಎಂದಾಗ ನಾನೂ ಹೊರಟೆ. ಉಜ್ಜುತ್ತ ಉಜ್ಜುತ್ತ ಕಲೆಗಳ ಗುರುತು ಹತ್ತಿತು. ಹಸಿರು ಹರಡಿಕೊಂಡಿದ್ದರೆ ಪಾಚಿ. ಕಂದು ಬಣ್ಣದ ಸಣ್ಣ ಗೀಟಿದ್ದರೆ ಯಾರದೋ ತಲೆಯ ಪಿನ್ನು ಬಿದ್ದು ತುಕ್ಕು ಹಿಡಿದದ್ದು. ಗೋಡೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಎಲ್ಲಿ ಗಿಲಾವು ಒಳಗೇ ಬಿಟ್ಟುಕೊಂಡಿದೆ ಎಂದು ಸದ್ದೇ ಹೇಳುತ್ತದೆ. ಈಗ ನಾವಿಬ್ಬರೇ ಆಳು ಇಟ್ಟುಕೊಂಡು ಕೆಲಸ ಹಿಡಿಯುತ್ತೇವೆ. ಕರಣೆ ಅವರದು, ಬಾಯಿ ನನ್ನದು.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಭಯ ನೀರು ತುಂಬುವ ದಿನ. ಹಳೆಯ ಗಿಲಾವನ್ನೆಲ್ಲ ಕೆತ್ತಿ ತೆಗೆದು, ಬಿಳಿ ಸಿಮೆಂಟಿಗೆ ಅಮೃತಶಿಲೆಯ ಪುಡಿ ಕಲಸಿ ಹೊಸದಾಗಿ ಬಳಿದ ಮೇಲೆ ಅದನ್ನು ಬಿಸಿಲಿಗೆ ಬಿಡುವ ಹಾಗಿಲ್ಲ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬೇಗ ನೀರು ಬಿಡಬೇಕು. ಪೈಪಿನ ಬಾಯಿಗೆ ಗೋಣಿಚೀಲ ಸುತ್ತಿ, ಆಳದ ಕಡೆ ಇಟ್ಟು, ಒಂದು ಸಲ ಬಿಟ್ಟರೆ ಅಂಚಿನ ಟೈಲ್ಸು ಮುಟ್ಟುವವರೆಗೆ ನಿಲ್ಲಿಸಬಾರದು. ನಡುವೆ ನಿಂತರೆ ನೀರು ನಿಂತ ಮಟ್ಟದಲ್ಲಿ ಸುತ್ತಲೂ ಒಂದು ಗೆರೆ ಬೀಳುತ್ತದೆ. ಆಮೇಲೆ ಏನು ಉಜ್ಜಿದರೂ ಅದು ಹೋಗುವುದಿಲ್ಲ. ಬೆಂಗಳೂರಿನಲ್ಲಿ ಒಮ್ಮೆ ಮೋಟಾರು ಸುಟ್ಟುಹೋಗಿ ನಮ್ಮ ಕೆಲಸಕ್ಕೆ ಅಂಥ ಗೆರೆ ಬಿದ್ದಿತ್ತು. ಅಲ್ಲಿಯವರು ಅದನ್ನು ಬೆರಳಿಟ್ಟು ತೋರಿಸುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ.

ಕಳೆದ ಬೇಸಿಗೆಯಲ್ಲಿ ನನ್ನ ತವರೂರು, ಚಿನ್ನದ ಗಣಿಯ ಉರಿಗಾಂನಲ್ಲೇ ಒಂದು ಕೆಲಸ ಸಿಕ್ಕಿತು. ಗಣಿಯ ಕಾಲದ ಹಳೆಯ ಬಂಗಲೆಯೊಂದನ್ನು ಯಾರೋ ಕೊಂಡು, ಮದುವೆಗೆ ಮುಂಚೆ ಜೋಡಿಗಳು ಫೋಟೊ ತೆಗೆಸಿಕೊಳ್ಳುವ ಜಾಗ ಮಾಡುತ್ತಿದ್ದರು. ಹಿಂದುಗಡೆ ಪಾಳುಬಿದ್ದ ಈಜುಕೊಳ. ಅದರ ಕಾಂಪೌಂಡು ದಾಟಿದರೆ ಗಣಿಯ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಗಳು. ಅವುಗಳಲ್ಲೇ ಒಂದರಲ್ಲಿ ನಾನು ಹುಟ್ಟಿ ಬೆಳೆದದ್ದು. ಆ ಮನೆಯಲ್ಲಿ ಈಗ ಅಕ್ಕ ಇದ್ದಾಳೆ. ಭಾವ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಬೆಳೆಸಿ, ಬಂಗಾರಪೇಟೆಯ ಆಚೆ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮನೆಗೆ ಮದುವೆ ಮಾಡಿಕೊಟ್ಟಿದ್ದಳು. ಮಗಳು ಚೊಚ್ಚಲ ಹೆರಿಗೆಗೆ ಬಂದು, ಹೆಣ್ಣು ಮಗು ಹೆತ್ತು ಮಲಗಿದ್ದಳು.

ಆ ಲೈನಿನಲ್ಲಿ ಬೆಳೆದವರಿಗೆ ನೀರಿನ ವಿಷಯದಲ್ಲಿ ಒಂದು ಕಟ್ಟಳೆ ಗೊತ್ತು. ನಲ್ಲಿಯ ಮುಂದೆ ಬಿಂದಿಗೆಗಳ ಸಾಲು ಎಷ್ಟೇ ಉದ್ದವಿರಲಿ, ಬಾಣಂತಿಯಿರುವ ಮನೆಯ ಬಿಂದಿಗೆ ಮೊದಲು. ಬಾಯಿ ಬಿಟ್ಟು ಕೇಳಬೇಕಾಗಿಲ್ಲ. ಬಿಂದಿಗೆಯ ಬಾಯಿಗೆ ಒಂದು ಎಳೆ ಬೇವಿನ ಸೊಪ್ಪು ಸಿಕ್ಕಿಸಿಕೊಂಡು ಬಂದರೆ ಸಾಕು, ಜಡೆ ಹಿಡಿದು ಜಗಳವಾಡುತ್ತಿದ್ದವರೂ ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಕನ್ನಡದವರು, ತಮಿಳಿನವರು, ತೆಲುಗಿನವರು ಎನ್ನುವ ಭೇದ ಅಲ್ಲಿಲ್ಲ. ನಾನು ಹುಟ್ಟಿದಾಗ ನಮ್ಮ ಮನೆಯಿಂದ ಹಾಗೆ ಬೇವು ಸಿಕ್ಕಿಸಿದ ಬಿಂದಿಗೆ ಹೊತ್ತು ಹೋಗುತ್ತಿದ್ದವಳು ಅಕ್ಕನೇ.

ಕೆಲಸ ನಡೆದಷ್ಟು ದಿನ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ. ಸೀರೆಯ ತೊಟ್ಟಿಲಲ್ಲಿ ಮಗು ಮಲಗಿರುತ್ತಿತ್ತು. ಅಕ್ಕ ಮುದ್ದೆ ಬಡಿಸುತ್ತ ಒಂದೇ ಮಾತು ಆಡುತ್ತಿದ್ದಳು.

"ನಲ್ಲೀಲಿ ನೀರೇ ಬತ್ತಿಲ್ಲ ಕಣೇ. ಪುರುಡು ಕಳೆಯೋ ದಿನ ಬೀಗರು ಬತ್ತಾರೆ. ಅವತ್ತು ತಾಯಿ ಮಗೂಗೆ ತಲೆಗೆ ನೀರಾಕಿ, ಬಂದೋರ್ಗೆ ಒಟ್ಟೆ ತುಂಬ ಊಟಕ್ಕಿಕ್ಕಿ ಕಳ್ಸಿದ್ರೆ ಸರಿ. ಇಲ್ದಿದ್ರೆ ಇವಳನ್ನ ಕರ್ಕೊಂಡೇ ಓಗ್ತಾರೆ. ಮದ್ಲಿಂದ ಬೀಗಿತಿಗೆ ಅದೇ ನೆಪ, ನಿಮ್ಮನೇಲಿ ನೀರಿಲ್ಲ, ನಿಮ್ಮನೇಲಿ ನೀರಿಲ್ಲ ಅಂತ."

ಐದು ತಿಂಗಳು ತುಂಬುವವರೆಗೆ ಬಾಣಂತನ ತವರಿನಲ್ಲೇ ಆಗಬೇಕು ಎನ್ನುವುದು ಅಕ್ಕನ ಆಸೆ. ಅದಕ್ಕೆ ಏನೇನು ಕೂಡಿಟ್ಟಿದ್ದಳು! ಹರಳೆಣ್ಣೆ, ಒಣಕೊಬ್ಬರಿ, ಬೆಳ್ಳುಳ್ಳಿ, ಮಗುವಿಗೆ ಹೊಲಿದ ಹಳೇ ಸೀರೆಯ ಕೌದಿ. ಒಂಟಿಯಾಗಿ ಕಳೆದ ಕಾಲಕ್ಕೆಲ್ಲ ಈ ಐದು ತಿಂಗಳಲ್ಲಿ ಸಮಾಧಾನ ಸಿಗುತ್ತದೆ ಎಂದುಕೊಂಡಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಪುರುಡು ಕಳೆಯುವ ದಿನವೂ ನಮ್ಮ ನೀರು ತುಂಬುವ ದಿನವೂ ಒಂದೇ ಆಗಿ ಬಂದವು. ಬಂಗಲೆಯ ಬೋರಿನಲ್ಲಿ ಬೆರಳು ದಪ್ಪ ನೀರು. ಅದನ್ನು ನಂಬಲಾಗದೆ ಮಾಲೀಕರು ಟ್ಯಾಂಕರುಗಳನ್ನು ಗೊತ್ತು ಮಾಡಿದ್ದರು. ಒಂದು ಖಾಲಿಯಾಗುವುದರೊಳಗೆ ಇನ್ನೊಂದು ಬಾಗಿಲಲ್ಲಿ ನಿಂತಿರಬೇಕು ಎಂದು ಡ್ರೈವರುಗಳಿಗೆ ಬೈದು, ಬೇಡಿಕೊಂಡು, ಮತ್ತೆ ಬೈದು ಹೇಳಿದ್ದೆ. ಬೆಳಕು ಹರಿಯುವಾಗ ಪೈಪು ಬಿಟ್ಟೆವು. ಹೊಸ ಗಿಲಾವಿನ ಮೇಲೆ ನೀರು ಮೆಲ್ಲಗೆ ಹರಡಿತು. ಗಂಡ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ನಾನು ಗೇಟಿನ ಹತ್ತಿರ, ಟ್ಯಾಂಕರಿನ ಪಕ್ಕ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ.

ಟ್ಯಾಂಕರಿನ ಸದ್ದಿಗೆ ಲೈನಿನ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಗೇಟಿನ ಹೊರಗೆ ಪ್ಲಾಸ್ಟಿಕ್ ಬಿಂದಿಗೆಗಳು ಕೂತವು. "ಒರು ಕುಡಂ ಕುಡುಮ್ಮಾ," ಒಂದು ಕೊಡ ಕೊಡಮ್ಮ, ಎಂದು ಪಕ್ಕದ ಮನೆಯ ಅಜ್ಜಿ ಕೇಳಿದಳು. ನನ್ನನ್ನು ಎತ್ತಿ ಆಡಿಸಿದ ಅಜ್ಜಿ. ಆಮೇಲೆ ಕೊಡ್ತೀನಿ ಪಾಟಿ, ಕೆಲಸ ಮುಗೀಲಿ, ಎಂದೆ. ಅಷ್ಟರಲ್ಲಿ ಅಕ್ಕ ಬಂದಳು. ಸೊಂಟದ ಎರಡು ಬದಿಗೂ ಬಿಂದಿಗೆ. ಎರಡರ ಬಾಯಿಗೂ ಬೇವಿನ ಸೊಪ್ಪು. ಹೆಂಗಸರೆಲ್ಲ ಮಾತಿಲ್ಲದೆ ದಾರಿ ಬಿಟ್ಟರು. ಅಕ್ಕ ನೇರವಾಗಿ ಗೇಟಿನೊಳಗೆ ಬಂದು ನನ್ನ ಮುಂದೆ ನಿಂತಳು.

"ಅಡುಗೆಗೆ ಕ್ಯಾನ್ ನೀರು ತಂದಿದೀನಿ. ಸ್ನಾನಕ್ಕೆ ಎರಡ್ ಬಿಂದಿಗೆ ಆದ್ರೆ ಸಾಕು ಕಣೇ. ಅವರು ಬರೋ ಒತ್ತಾಯ್ತು."

ಎರಡು ಬಿಂದಿಗೆ. ಟ್ಯಾಂಕರಿನ ಹಿಂಬದಿಯಲ್ಲಿ ಬೇರೆಯದೇ ಒಂದು ಸಣ್ಣ ನಲ್ಲಿಯಿತ್ತು. ಡ್ರೈವರು ಅದರಲ್ಲೇ ಕೈಕಾಲು ತೊಳೆದುಕೊಂಡಿದ್ದ. ಅದನ್ನು ತಿರುಗಿಸಿದ್ದರೆ ಪೂಲಿಗೆ ಹೋಗುವ ಪೈಪನ್ನು ಮುಟ್ಟಬೇಕಾಗಿಯೇ ಇರಲಿಲ್ಲ. ಗೆರೆ ಬೀಳುವುದು ನೀರು ನಿಂತರೆ. ಎರಡು ಬಿಂದಿಗೆ ಕಡಿಮೆಯಾದರೆ ಅಲ್ಲ. ಇದು ನನಗೆ ಗೊತ್ತಿತ್ತು, ನನ್ನ ಗಂಡನಿಗೆ ಗೊತ್ತಿತ್ತು. ಅಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

"ಅಕ್ಕ, ಈಗ ನೀರು ತೆಗೆಯಂಗಿಲ್ಲ," ಎಂದೆ, ನಗುತ್ತ. "ತೆಗುದ್ರೆ ಗೆರೆ ಬಿದ್ದೋಯ್ತದೆ, ಮಾಡಿದ್ದೆಲ್ಲ ಹಾಳು. ತುಂಬಿದ ಮ್ಯಾಲೆ ನಾನೇ ಟ್ಯಾಂಕರ್‌ನ ನಿನ್ ಬಾಗ್ಲಿಗೆ ತತ್ತೀನಿ."

ಗಂಡ ಅಂಚಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಅವರ ಕಡೆ ನೋಡಲಿಲ್ಲ.

ಯಾಕೆ ಹಾಗೆಂದೆ? ಅಕ್ಕನಿಗೆ ಕೊಟ್ಟರೆ ಎಲ್ಲರೂ ಮುಗಿಬೀಳುತ್ತಾರೆ ಎಂಬ ಹೆದರಿಕೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಬೇವಿನ ಬಿಂದಿಗೆಯ ಹಿಂದೆ ಆ ಲೈನಿನಲ್ಲಿ ಯಾರೂ ನುಗ್ಗುವುದಿಲ್ಲ. ನಿಜ ಹೇಳಬೇಕೆಂದರೆ, ಹುಟ್ಟಿದಾಗಿನಿಂದ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತವಳು ನಾನು. ಅವತ್ತು ಮೊದಲ ಸಲ ಸಾಲು ನನ್ನ ಮುಂದೆ ನಿಂತಿತ್ತು. ಈಗ ಬೇಡ, ಆಮೇಲೆ ಎಂದು ಹೇಳುವ ಅಧಿಕಾರ ನನ್ನ ಕೈಗೆ ಬಂದಿತ್ತು. ಅದು ನನಗೆ ಹಿತವಾಗಿತ್ತು. ಅಷ್ಟೇ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಕ್ಕ ಜಗಳವಾಡುತ್ತಾಳೆ ಎಂದುಕೊಂಡೆ. ಆಡಿದ್ದರೆ ನಾನು ನಲ್ಲಿ ಬಿಡುತ್ತಿದ್ದೆ, ಆಣೆಯಾಗಿಯೂ ಬಿಡುತ್ತಿದ್ದೆ. ಅವಳು ಒಂದು ಗಳಿಗೆ ಈಜುಕೊಳದ ಕಡೆ ನೋಡಿದಳು. ಹೊಸ ಬಿಳುಪಿನ ಮೇಲೆ ನೀರು ಏರುತ್ತಿತ್ತು.

"ಅಯ್ಯೋ, ಔದೇನೇ? ಬ್ಯಾಡ ಬ್ಯಾಡ. ನಿನ್ ಕೆಲ್ಸ ಕೆಡಬಾರ್ದು," ಎಂದಳು.

ಅಷ್ಟಕ್ಕೆ ಹೋಗಿದ್ದರೆ ಎಷ್ಟೋ ವಾಸಿಯಿತ್ತು. ಗೇಟಿನ ಹೊರಗೆ ನಿಂತು ಬೇರೆ ಹೆಂಗಸರಿಗೆಲ್ಲ ತಿಳಿಹೇಳತೊಡಗಿದಳು. ಕನ್ನಡದವರಿಗೆ ನಿಲ್ಲಿಸಬಾರದಂತೆ ಎಂದಳು. ಅಜ್ಜಿಗೆ ನಿಪ್ಪಾಟ್ಟಕೂಡಾದಾಂ ಎಂದಳು. ತುದಿಮನೆಯ ತೆಲುಗಿನವಳಿಗೆ ಆಪಕೂಡದಂಟ ಎಂದಳು. ನನ್ನ ಸುಳ್ಳನ್ನು ಮೂರು ಭಾಷೆಯಲ್ಲಿ ಹೇಳಿ, ಎಲ್ಲರನ್ನೂ ಮನೆಗೆ ಕಳಿಸಿ, ಖಾಲಿ ಬಿಂದಿಗೆ ಹೊತ್ತುಕೊಂಡು ಹೋದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೀರು ಟೈಲ್ಸು ಮುಟ್ಟಿತು. ಉಳಿದ ಟ್ಯಾಂಕರನ್ನು ನಾನೇ ಮುಂದೆ ಕೂತು ಲೈನಿಗೆ ತೆಗೆದುಕೊಂಡು ಹೋದೆ. ಕೊಟ್ಟ ಮಾತು ಉಳಿಸಿಕೊಂಡ ಹಮ್ಮು ಬೇರೆ. ಎಲ್ಲರೂ ಬಿಂದಿಗೆ ತಂದರು. ಅಕ್ಕನ ಬಾಗಿಲು ಅರ್ಧ ತೆರೆದಿತ್ತು. ಒಲೆಯ ಮೇಲೆ ಬೀಗರಿಗೆಂದು ಮಾಡಿದ ಅಡುಗೆ ಹಾಗೇ ಇತ್ತು. ಸೀರೆಯ ತೊಟ್ಟಿಲು ಖಾಲಿಯಾಗಿ ತೂಗುಬಿದ್ದಿತ್ತು.

ಪಕ್ಕದ ಅಜ್ಜಿಯೇ ನನಗೆ ಹೇಳಿದ್ದು. ಬೀಗಿತಿ ಬಂದಾಗ ತಾಯಿ ಮಗುವಿಗೆ ಇನ್ನೂ ಸ್ನಾನವಾಗಿರಲಿಲ್ಲವಂತೆ. ಅಕ್ಕ ಅಡುಗೆಯ ಕ್ಯಾನಿನಲ್ಲಿ ಉಳಿದದ್ದನ್ನು ಕಾಯಿಸಿ, ಮಗುವಿನ ಮೈ ಒರೆಸುತ್ತಿದ್ದಳಂತೆ. ಪುರುಡು ಕಳೆಯದ ಮನೆಯಲ್ಲಿ ಊಟ ಮಾಡುವುದಿಲ್ಲ ಎಂದು ಬಂದವರು ಎಲೆಯ ಮುಂದೆ ಕೂರಲೇ ಇಲ್ಲ. "ಬಾಣಂತಿಗೆ ಎರಡ್ ಚೊಂಬು ನೀರಿಲ್ದ ಮನೆ. ನಮ್ಮಲ್ಲಿ ಬೋರೈತೆ, ಅಲ್ಲೇ ನೀರಾಕಿಸ್ತೀವಿ" ಎಂದು ಬೀಗಿತಿ ಹುಡುಗಿಯನ್ನು ಎಬ್ಬಿಸಿಕೊಂಡು, ಮಗುವನ್ನು ಟವಲಿನಲ್ಲಿ ಸುತ್ತಿಕೊಂಡು ಕಾರು ಹತ್ತಿಸಿದಳಂತೆ.

ಅಕ್ಕ ಹೊರಗೆ ಬಂದಳು. ಅತ್ತಿರಲಿಲ್ಲ. ಬಿಂದಿಗೆ ಹಿಡಿದು ಎಲ್ಲರ ಹಿಂದೆ ನಿಂತಳು. ಅದರ ಬಾಯಲ್ಲಿ ಈಗ ಬೇವಿರಲಿಲ್ಲ. ನಾನು ಅಕ್ಕಾ ಎಂದೆ. ಅವಳು ನನ್ನ ತೋಳು ಮುಟ್ಟಿ, "ಏನೂ ಮನ್ಸಿಗಾಕ್ಕೋಬ್ಯಾಡ. ಅವರು ಎಂಗಿದ್ರೂ ಕರ್ಕೊಂಡೋಗೋರೇ," ಎಂದಳು. ಸ್ನಾನವಾಗಿದ್ದರೆ ಕರೆದುಕೊಂಡು ಹೋಗುತ್ತಿರಲಿಲ್ಲ ಎಂದು ಅವಳಿಗೂ ಗೊತ್ತಿತ್ತು.

ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಾಗ ಗಂಡ ಕೇಳಿದ್ದು ಒಂದೇ ಮಾತು. "ಎರಡ್ ಬಿಂದಿಗೆಗೆ ಗೆರೆ ಬೀಳಾಕಿಲ್ಲ ಅಂತ ಅತ್ತಿಗೆಗೆ ನಾನೇಳ್ಲಾ, ನೀನೇಳ್ತೀಯಾ?"

ನಾನು ಅವರ ಮೇಲೆ ಹರಿಹಾಯ್ದೆ. ಅಲ್ಲೇ ಕೂತಿದ್ದಿರಲ್ಲ, ಆಗ ನಿಮ್ಮ ಬಾಯಿಗೆ ಸಿಮೆಂಟು ಮೆತ್ತಿತ್ತಾ ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಲಿ ಎಂದು ನಾನು ಈಗಲೂ ಕೆಲವು ಸಲ ಕಾಯುತ್ತೇನೆ.

ಕೆಲವು ದಿನಗಳ ಮೇಲೆ ಕೊನೆಯ ಸಲ ನೀರು ಪರೀಕ್ಷೆ ಮಾಡಲು ಉರಿಗಾಂಗೆ ಹೋಗಿದ್ದಾಗ ಅಕ್ಕ ಬಂದಳು. ಗೇಟಿನಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮಗಳ ಫೋನು ಬಂದಿತ್ತಂತೆ, ಮಗು ಎದೆಹಾಲು ಚೆನ್ನಾಗಿ ಕುಡಿಯುತ್ತಿದೆಯಂತೆ. ಇಷ್ಟು ಹೇಳಿ ಕೊಳದ ಸುತ್ತ ನಡೆಯತೊಡಗಿದಳು. ಒಂದು ಕೈ ಹಣೆಗೆ ಅಡ್ಡ ಹಿಡಿದು, ಬಗ್ಗಿ ಬಗ್ಗಿ ನೀರಿನೊಳಗಿನ ಗೋಡೆ ನೋಡುತ್ತ ಹೋದಳು. ಏನು ಹುಡುಕುತ್ತಿದ್ದಾಳೆ ಎಂದು ನನಗೆ ತಕ್ಷಣ ಹೊಳೆಯಲಿಲ್ಲ.

ಒಂದು ಸುತ್ತು ಮುಗಿಸಿ ನನ್ನ ಹತ್ತಿರ ಬಂದಳು. ಮುಖ ಅರಳಿತ್ತು.

"ಎಲ್ಲೂ ಒಂದ್ ಗೆರೆ ಇಲ್ಲ ಕಣೇ! ಅವತ್ತು ನಾನೇನಾದ್ರೂ ಅಟ ಮಾಡಿ ನೀರು ಇಸ್ಕೊಂಡಿದ್ರೆ ಏನ್ ಗತಿಯಾಗ್ತಿತ್ತು ಏಳು? ಮಗೂನೂ ಓಯ್ತು, ನಿನ್ ಕೆಲ್ಸಾನೂ ಓಗ್ತಿತ್ತು. ಸದ್ಯ, ಇದಾದ್ರೂ ಉಳೀತು."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಹೌದು ಎನ್ನಲಿ ಎಂದು.

"ಊಂ ಅಕ್ಕ," ಎಂದೆ. "ನಿನ್ನಿಂದ್ಲೇ ಉಳೀತು."