ಗೋಲಿ ಮೇಲೆ, ಹಣ್ಣು ಕೆಳಗೆ

ನನ್ನ ಸೋದರತ್ತೆಯ ಬೆರಳ ತುದಿಗಳು ವರ್ಷದ ಮುಕ್ಕಾಲು ಪಾಲು ಹಸಿರುಗಪ್ಪಾಗಿಯೇ ಇರುತ್ತಿದ್ದವು. ಟೊಮೆಟೊ ಗಿಡದ ಅಂಟು ಅದು, ಸೋಪಿಗೆ ಜಗ್ಗುವುದಿಲ್ಲ. ಊಟಕ್ಕೆ ಮೊದಲು ಒಡೆದ ಹಣ್ಣೊಂದನ್ನು ಕಿವುಚಿ ಕೈಗೆ ತಿಕ್ಕಿಕೊಳ್ಳುತ್ತಿದ್ದಳು; ಅದರ ಹುಳಿಗೆ ಮಾತ್ರ ಅಂಟು ಬಿಡುತ್ತದೆ. ಮದುವೆಮನೆಗೆ ಮಾತ್ರ ಕೈ ತಿಕ್ಕದೆ ಹಾಗೇ ಹೋಗುತ್ತಿದ್ದಳು. “ನೋಡ್ಲಿ ಬುಡು, ಬೆಳೆಯೋರ ಕೈ ಇಂಗೇ ಇರ್ತದೆ.”

ಪಿರಿಯಾಪಟ್ಟಣದ ಪಕ್ಕ ಅವಳ ಹೊಲ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದ್ದು ಆ ಹೊಲವೇ. ಕ್ರೇಟು ತುಂಬುವಾಗ ಎಲ್ಲರೂ ದಪ್ಪ ಹಣ್ಣನ್ನು ಮೇಲೆ ಜೋಡಿಸಿ ಸಣ್ಣದನ್ನು ತಳಕ್ಕೆ ಹಾಕುತ್ತಾರೆ. ಅತ್ತೆಯದು ಉಲ್ಟಾ. “ಕೊಂಡೋರು ತಗೀತಾ ತಗೀತಾ ಖುಷಿ ಪಡ್ಬೇಕು ಕಣವ್ವ, ಬಯ್ಬಾರ್ದು.”

ನಾನು ಡಿಗ್ರಿಗೆ ಸೇರಬೇಕಿದ್ದ ವಾರ ಇಬ್ಬರೂ ಹುಣಸೂರಿನ ಮಂಡಿಗೆ ಹೋದೆವು. ನನ್ನ ಫೀಸು ಆ ಕ್ರೇಟುಗಳಲ್ಲೇ ಇತ್ತು. ದಲ್ಲಾಳಿ ಮೇಲಿನ ಸಾಲು ನೋಡಿ ನಕ್ಕ.

“ಏನಕ್ಕ, ಗೋಲಿ ತಂದಿದ್ದೀಯಾ?”

“ಗೋಲಿ ಮೇಲವೆ, ಅಣ್ಣು ಕೆಳಗವೆ. ಕವುಚಿ ನೋಡಪ್ಪ.”

“ಎಲ್ಲಾರ್ದೂ ಕವುಚ್ತಾ ಕೂತ್ರೆ ಯಾಪಾರ ಆದಂಗೆ.”

ಕವುಚದೆಯೇ ರೇಟು ಕೂಗಿದ. ತಿಪ್ಪೆಗೆ ಸುರಿಯುವುದೇ ಮೇಲು ಅನ್ನಿಸುವಂಥ ರೇಟು.

“ಎತ್ತವ್ವ ಕ್ರೇಟ,” ಎಂದಳು ಅತ್ತೆ.

ನಾನು ಸೆರಗು ಜಗ್ಗಿದೆ. “ಸಿಕ್ಕಿದಷ್ಟು ಸಿಗ್ಲಿ ಅತ್ತೆ, ಫೀಸಿಗೆ ನಾಳೆ ಕೊನೇ ದಿನ.”

“ಇವನ್ನೇ ಮಡಿಕೇರಿ ಕಡೆಯೋರು ಎಷ್ಟು ಕೊಟ್ಟು ತಿಂತಾರೆ ಗೊತ್ತಾ? ದೂರ ಓದಂಗೆಲ್ಲ ರೇಟು ಏರ್ತದೆ. ನಾವೂ ಜತೇಲಿ ಒಸಿ ದೂರ ಓಗವ.”

ಗೂಡ್ಸ್ ಆಟೊದಲ್ಲಿ ನಮ್ಮೂರನ್ನೂ ದಾಟಿ ಕೊಡಗಿನ ಗಡಿಯ ಕೊಪ್ಪಕ್ಕೆ ಹೋದೆವು. ಮಡಿಕೇರಿ ಬಸ್ಸು ನಿಲ್ಲುವಲ್ಲಿ ಅತ್ತೆ ಗೋಣಿಚೀಲ ಹಾಸಿದಳು. ಬಂದವರನ್ನು ಮೊದಲು ಕೇಳುತ್ತಿದ್ದುದು ಒಂದೇ: “ಯಾವತ್ತು ಸಾರು?” ಇವತ್ತೇ ಎಂದವರಿಗೆ ಕೆಂಪು ಹಣ್ಣು. ಘಟ್ಟ ಹತ್ತುವವರಿಗೆ ಆಗಷ್ಟೇ ಬಣ್ಣ ತಿರುಗಿದ್ದು. ಗೋಲಿಯನ್ನು ಹೋಟೆಲಿನವರು ಚಟ್ನಿಗೆ ಒಯ್ದರು. ಹೊತ್ತು ಇಳಿಯುವಷ್ಟರಲ್ಲಿ ಕ್ರೇಟುಗಳೆಲ್ಲ ಖಾಲಿ. ಮರುದಿನ ಕಾಲೇಜಿನ ಕೌಂಟರಿನಲ್ಲಿ ಫೀಸು ಕಟ್ಟಿದ್ದೂ ಅದೇ ಹಸಿರುಗಪ್ಪು ಕೈ. ಮಂಡಿಯ ಕಡೆಗೆ ಅವಳು ಮತ್ತೆ ತಲೆ ಹಾಕಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೋದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡಳು. ಹೊಲವನ್ನು ಗುತ್ತಿಗೆಗೆ ಕೊಡು ಎಂದರು ಎಲ್ಲರೂ. ಕೊಡಲಿಲ್ಲ.

ಮೊನ್ನೆ ಕೊಪ್ಪದಲ್ಲಿ ಬಸ್ಸಿಳಿದ ನೆಂಟರೊಬ್ಬರು ನನ್ನ ಗೋಣಿಚೀಲದ ಮುಂದೆ ನಿಂತರು.

“ಬಿ.ಕಾಂ. ಮಾಡ್ಕೊಂಡು ರಸ್ತೇಲಿ ಕೂತಿದ್ದೀಯಲ್ಲವ್ವ, ನಾಚ್ಕೆ ಆಗಕಿಲ್ವಾ?”

ಅತ್ತೆಯ ಕೈಯಂತೆಯೇ ಆಗಿರುವ ನನ್ನ ಕೈ ಮುಂದೆ ಚಾಚಿ ಅವರ ಚೀಲ ಇಸಕೊಂಡೆ.

“ಇಲ್ಲ ಮಾವ. ಯಾವತ್ತು ಸಾರು, ಅದ್ನೇಳಿ.”