ಬಿದ್ದ ಪಾತ್ರವನ್ನು ಕರೆಯುವ ಹೆಂಗಸು

ನನ್ನ ಗಂಡನ ಎದೆಗೆ ಸ್ಟೆಂಟು ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಈ ಮಹಾನುಭಾವರು ಮತ್ತೆ ಬಣ್ಣ ಹಚ್ಚುತ್ತೇನೆ ಅಂದರು. ಜೋರಾಗಿ ಹಾಡಬೇಡಿ, ಏದುಸಿರು ಬರುವ ಕೆಲಸ ಮಾಡಬೇಡಿ ಅಂತ ಮೈಸೂರಿನ ಡಾಕ್ಟರು ನನ್ನೆದುರಿಗೇ ಹೇಳಿದ್ದರು. ಹೂಂ ಹೂಂ ಅಂತ ತಲೆಯಾಡಿಸಿ ಬಂದ ಮನುಷ್ಯ, ನಮ್ಮೂರು ಅಗರದಲ್ಲಿ ಬಸ್ಸಿಳಿದವರೇ ಹಾರ್ಮೋನಿಯಂ ಮಾಸ್ತರಿಗೆ ಫೋನು ಹಚ್ಚಿದರು. ನಾಯಿ ಬಾಲ ಡೊಂಕು ಅಂತ ಸುಮ್ಮನೆ ಹೇಳುತ್ತಾರೆಯೇ.

ನಮ್ಮೂರ ನಾಟಕ ಕಂಪನಿ ಅಂದರೆ ದೊಡ್ಡದೇನಲ್ಲ. ಒಂದಿಷ್ಟು ಕಬ್ಬು ಬೆಳೆಯುವವರು, ಹಾಲಿನ ಡೇರಿಯವನು, ಕೊಳ್ಳೇಗಾಲದಿಂದ ಬರುವ ಮಾಸ್ತರು. ಆಡುವುದು ಒಂದೇ ಸಂಗೀತ ನಾಟಕ. ಹನೂರಿನ ಆಚೆ ಹೂಗ್ಯಂ ಕಡೆಯ ಕಾಡಂಚಿನವರು ಹಾಡಿಕೊಂಡು ಬಂದ ಕತೆ ಅದು. ಊರ ಬಾವಿಗೆ ಬೀಗ ಹಾಕಿದ ಪಾಳೇಗಾರನೊಬ್ಬ ಬಾಯಾರಿ ಬಂದ ಜಂಗಮನನ್ನು ಅಟ್ಟಿ, ಅವನ ಶಾಪ ತಟ್ಟಿ ಕಡೆಗೆ ತಾನೇ ನೀರು ನೀರು ಅಂತ ಹಾಡುತ್ತಾ ಸಾಯುತ್ತಾನೆ. ಆ ಪಾಳೇಗಾರ ನನ್ನ ಗಂಡ. ಸಾವಿನ ಪದ ಏರುಶ್ರುತಿಯದು, ಗಟ್ಟಿ ಗುಂಡಿಗೆಯವರೇ ಮುಗಿಸುವಷ್ಟರಲ್ಲಿ ಬೆವರುತ್ತಾರೆ.

ಈ ಆಟಕ್ಕೊಂದು ಕಟ್ಟಳೆ ಇದೆ. ರಂಗದ ಮೇಲೆ ಸತ್ತು ಬಿದ್ದವನನ್ನು ಮಂಗಳ ಮುಗಿಯುವವರೆಗೂ ಯಾರೂ ಮುಟ್ಟುವಂತಿಲ್ಲ. ಆಮೇಲೆ ಅವನ ಮನೆಯವರೊಬ್ಬರು ನೀರಿನ ಚೊಂಬು ಹಿಡಿದು ಹೋಗಿ, ಅವನ ನಿಜವಾದ ಹೆಸರಿನಿಂದ ಮೂರು ಸಲ ಕರೆದು ಎಬ್ಬಿಸಬೇಕು. ಇಲ್ಲದಿದ್ದರೆ ಆಟದ ಸಾವು ಮನೆಗೆ ಬರುತ್ತದಂತೆ. ಇಷ್ಟು ವರ್ಷ ನನ್ನತ್ತೆ ಕರೆಯುತ್ತಿದ್ದರು. ಅವರು ಹೋದ ದೀಪಾವಳಿಗೆ ಮುಂಚೆ ತೀರಿಕೊಂಡರು. ಮಗಳು ಅಪ್ಪನ ಹೆಸರು ಕೂಗುವ ಹಾಗಿಲ್ಲ. ಉಳಿದವಳು ನಾನು.

ನಾನೋ, ಮದುವೆಯಾದಾಗಿನಿಂದ ಆ ಹೆಸರನ್ನು ಬಾಯಿಗೆ ತಂದವಳಲ್ಲ. ರೇಷನ್ ಅಂಗಡಿಯವನು ಕೇಳಿದರೂ ಪಕ್ಕದವರ ಕೈಲಿ ಹೇಳಿಸುತ್ತಿದ್ದೆ. ಗಂಡನ ಹೆಸರು ಹಿಡಿದರೆ ಅವನ ಆಯಸ್ಸು ಸವೆಯುತ್ತದೆ ಅಂತ ನನ್ನವ್ವ ಹೇಳಿಕೊಟ್ಟಿದ್ದಳು. ಕರೆದರೆ ಆಯಸ್ಸು ಹೋಗುತ್ತದೆ, ಕರೆಯದಿದ್ದರೆ ಸಾವು ಬರುತ್ತದೆ. ಅತ್ತ ದರಿ, ಇತ್ತ ಪುಲಿ. ಆಟದ ದಿನ ಊಟ ಬಿಟ್ಟು ಬಣ್ಣದ ಮನೆಗೆ ಓಡಿದೆ. ಪಾತ್ರ ಬೇರೆಯವರಿಗೆ ಕೊಡಿ ಅಂತ ಮಾಸ್ತರನ್ನು ಗೋಗರೆದೆ. ನಿಮ್ಮ ಯಜಮಾನರನ್ನೇ ಕೇಳಿ ಅಂದರು. ಯಜಮಾನರು ಮೀಸೆ ಅಂಟಿಸಿಕೊಳ್ಳುತ್ತಿದ್ದರು.

ಸಂಜೆ ಬೆಳಕಿರುವಾಗಲೇ ಆಟ ಶುರುವಾಯಿತು. ಸಾವಿನ ಪದ ಬಂದಾಗ ನಾನು ಪರದೆಯ ಸಂದಿಯಲ್ಲಿ ನಿಂತಿದ್ದೆ. ಏರುಶ್ರುತಿಗೆ ಅವರ ಕತ್ತಿನ ನರ ಉಬ್ಬಿತು. ಕಡೆಯ ಸಾಲಿಗೆ ದನಿ ಒಡೆಯಿತು. ಎದೆ ಹಿಡಿದುಕೊಂಡು ಬಿದ್ದರು. ಅದು ಬಾಯಾರಿಕೆಯ ಸಾವು, ಪಾಳೇಗಾರ ಗಂಟಲು ಹಿಡಿದುಕೊಂಡು ಬೀಳಬೇಕು. ಎಷ್ಟೋ ಸಲ ನೋಡಿದ್ದೇನೆ. ಇವರು ಎದೆ ಹಿಡಿದಿದ್ದರು.

ಜನ ಶಿಳ್ಳೆ ಹೊಡೆಯುತ್ತಾ ಮೊಬೈಲು ಎತ್ತಿ ಹಿಡಿದರು. ನಾನು ನುಗ್ಗಿದೆ. ಡೇರಿಯವನು ರಟ್ಟೆ ಹಿಡಿದು ನಿಲ್ಲಿಸಿದ.

"ಮಂಗ್ಳ ಮುಗೀಲಿ ಕಣಕ್ಕ. ಈಗ ಮುಟ್ಬುಟ್ರೆ ಕೇಡು."

ಅತ್ತ ಮಾಸ್ತರು ಮಂಗಳವನ್ನು ರಾಗವಾಗಿ ಎಳೆಯುತ್ತಲೇ ಇದ್ದರು. ಇವನ ಮನೆ ಹಾಳಾಗ, ಬೇಗ ಮುಗಿಸಬಾರದೇ ಅಂತ ಮನಸ್ಸಿನಲ್ಲೇ ಶಪಿಸಿದೆ.

ಮುಗಿದದ್ದೇ ತಡ, ಚೊಂಬು ಹಿಡಿದು ಓಡಿ ಪಕ್ಕದಲ್ಲಿ ಕುಕ್ಕರಿಸಿದೆ. ಬಣ್ಣದ ಕೆಳಗೆ ಮುಖ ಬಿಳಿಚಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಕಷ್ಟಪಟ್ಟು ಹೆಸರು ಹೇಳಿದೆ. ಅವರು ಅಲುಗಲಿಲ್ಲ. ಎರಡನೇ ಸಲ ಜೋರಾಗಿ ಕೂಗಿದೆ. ಆಗಲೂ ಅಲುಗಲಿಲ್ಲ. ಹೆಸರು ಹಿಡಿದು ನಾನೇ ಕೊಂದೆ ಅಂದುಕೊಂಡೆ. ಮೂರನೆಯ ಸಲ ಬಂದದ್ದು ಬರೀ ಬೊಬ್ಬೆ.

ಕಣ್ಣು ಬಿಟ್ಟರು.

"ಮೊದುಲ್ನೇದ್ಕೇ ಕೇಳುಸ್ತು ಕಣಮ್ಮಿ," ಅಂದರು ಮೆಲ್ಲಗೆ. "ಇನ್ನೊಂದ್ ಸಲ ಕೂಗ್ಲಿ ಅಂತ ನಾನೇ ಬಿದ್ಕಂಡಿದ್ದಿ."

ಚೊಂಬಿನ ನೀರನ್ನೆಲ್ಲ ಅವರ ಮುಖಕ್ಕೆ ಸುರಿದುಬಿಟ್ಟೆ. ಅದೂ ಆಟವೇ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಇವರಿಗೆ ನಗು. ನನಗೆ ನಗು ಬರಲಿಲ್ಲ. ಹಾಗಾದರೆ ಎದೆ ಯಾಕೆ ಹಿಡಿದುಕೊಂಡಿರಿ ಅಂತ ಕೇಳಿದರೆ ಇವತ್ತಿಗೂ ಅದೇ ಸಾವಿನ ಪದ ಗುನುಗುತ್ತಾರೆ. ಈಗ ಮಧ್ಯಾಹ್ನ ಉಂಡು ಅಡ್ಡಾದ ಇವರ ಗೊರಕೆ ನಿಂತರೆ ಸಾಕು, ಅಡುಗೆಮನೆಯಿಂದಲೇ ಹೆಸರು ಹಿಡಿದು ಕೂಗುತ್ತೇನೆ. "ಇವ್ನಿ ಕಣಮ್ಮಿ, ಇಲ್ಲೇ ಇವ್ನಿ" ಅನ್ನುವವರೆಗೂ ಒಲೆಯ ಕಡೆ ತಿರುಗುವುದಿಲ್ಲ.