ಅಬ್ಬಾನ ಈದ್ ಅಂಗಿ

ಇಂಥದ್ದನ್ನೆಲ್ಲ ಈ ಗ್ರೂಪಿನಲ್ಲಿ ಬರೆಯುತ್ತಿರುವುದಕ್ಕೆ ಸಾರಿ. ಕಾಲೇಜಿನ ಸ್ಕಾಲರ್‌ಶಿಪ್ ಫಾರ್ಮಿನಲ್ಲಿ 'ತಂದೆಯೊಂದಿಗೆ ಹಾಜರಾಗಬೇಕು' ಎಂಬ ಸಾಲು ಓದಿದಾಗಿನಿಂದ ಮೈ ಉರಿಯುತ್ತಿದೆ.

ಹಳೇ ಹುಬ್ಬಳ್ಳಿಯಲ್ಲಿ ಗಾಡಿ ರಿಪೇರಿ ಮಾಡುವ ಅಬ್ಬಾ, ನನ್ನನ್ನು ಇಂಗ್ಲಿಷ್ ಹಾಸ್ಟೆಲ್ ಶಾಲೆಗೆ ಸೇರಿಸಲು ಹೋದ ದಿನ ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ ತೊಳೆದು, ಈದ್ ಅಂಗಿಗೆ ಇಸ್ತ್ರಿ ಮಾಡಿ ಹಾಕಿಕೊಂಡಿದ್ದರು. ಫೀ ರಿಯಾಯಿತಿ ಕೇಳಿದ್ದಕ್ಕೆ ಹೆಡ್‌ಮಿಸ್ ನಕ್ಕರು.

"ಏನ್ರೀ, ಮದವಿಗೆ ಹೊಂಟವ್ರಂಗ ಬಂದು ರಿಯಾಯಿತಿ ಕೇಳ್ತೀರಲ್ಲ?"

"ಸಾಲಿಗೆ ಬರೂದಲ್ಲೇನ್ರೀ ಮೇಡಂ, ಅದಕ್ಕ ಛಲೋ ಅಂಗಿ ಹಾಕೇನ್ರಿ."

ಮರುದಿನ ಅಬ್ಬಾ ಗ್ರೀಸ್ ಮೆತ್ತಿದ ಅಂಗಿಯಲ್ಲೇ ಹೋದರು. ಹೆಡ್‌ಮಿಸ್ ಅರ್ಧ ಫೀ ಬಿಟ್ಟರು. ಆದರೆ ಇಂಗ್ಲಿಷ್ ಬರುವುದಿಲ್ಲವೆಂದು, ಐದನೇ ಪಾಸಾಗಿದ್ದ ನನ್ನನ್ನು ಮತ್ತೆ ನಾಲ್ಕನೇ ತರಗತಿಯಲ್ಲಿ ಕೂರಿಸಿದರು. ಅದಕ್ಕೂ ಅಬ್ಬಾ ಕೈಮುಗಿದರು.

ನಿನ್ನೆ ಫೋನಿನಲ್ಲಿ ಈ ಫಾರ್ಮಿನ ವಿಷಯ ಹೇಳಿದಾಗ ಅಬ್ಬಾ ಕೇಳಿದರು: "ಈ ಸಲ ಯಾವ ಅಂಗಿ ಹಾಕ್ಕೊಂಡು ಬರ್ಲಿ, ಬೇಟಾ?"

ಅವರನ್ನು ಕರೆತರಲೇಬೇಕೇ? ಗೊತ್ತಿರುವ ಸೀನಿಯರ್ಸ್ ದಯವಿಟ್ಟು ಬೇಗ ಉತ್ತರಿಸಿ.